ಹಿತ್ತಲ ಗಿಡ: ಅನಾನಸಿನ ಸುಳಿಗೆ ಒಂದು ಹುಕುಂ

“ಅನಾನಸಿಗೆ ಹಾರ್ಮೋನು ಹಾಕುತ್ತಾರಂತೆ, ಹೌದೆ? ಹಾಗಿದ್ದರೆ ಮಕ್ಕಳಿಗೆ ಕೊಡಬಹುದೆ?”

ಈ ಸಲ ನಮ್ಮ ಪುಟಕ್ಕೆ ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದುದು. ಕೇಳಿದವರು ಒಬ್ಬರಲ್ಲ. ಏಲೂರಿನ ಕ್ವಾರ್ಟರ್ಸಿನ ಅಕ್ಕ ಒಬ್ಬರು ಕೇಳಿದ್ದಾರೆ. ತಿರುವನಂತಪುರದಿಂದ ಹಿರಿಯರೊಬ್ಬರು ಕಾಗದವನ್ನೇ ಬರೆದಿದ್ದಾರೆ. ಇಂಥ ಮಾತು ‘ಅಂತೆ’ಯಲ್ಲಿ ಹುಟ್ಟಿ ‘ಕಂತೆ’ಯಾಗಿ ಬೆಳೆಯುವುದು ಲೋಕರೂಢಿ. ಒಬ್ಬರು ಅನಾನಸು ಬಿಟ್ಟರು. ಇನ್ನೊಬ್ಬರು ದ್ರಾಕ್ಷಿಯನ್ನೂ ಬಿಟ್ಟರು. ಮೂರನೆಯವರು ‘ಎಲ್ಲದರಲ್ಲಿಯೂ ವಿಷವೇ, ಬಿಟ್ಟು ಏನು ಪ್ರಯೋಜನ’ ಎಂದು ಎಲ್ಲವನ್ನೂ ತೊಳೆಯದೆ ತಿನ್ನತೊಡಗಿದರು! ಈ ಮೂವರಿಗೂ ಉಪಯೋಗವಾಗಲಿ ಎಂದು ಈ ಸಂಚಿಕೆಯ ಪುಟವನ್ನು ಇದೊಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ನಮ್ಮ ಮಾತಿನದೇ ಒಂದು ತೊಡಕನ್ನು ಬಿಡಿಸಬೇಕು. ಕರಾವಳಿಯ ಕನ್ನಡದಲ್ಲಿ ‘ಮದ್ದು’ ಎಂಬ ಒಂದೇ ಶಬ್ದ ಎಷ್ಟೊಂದು ಕೆಲಸ ಮಾಡುತ್ತದೆ! ಜ್ವರಕ್ಕೆ ಕುಡಿಯುವುದೂ ಮದ್ದು, ಮಳೆಗಾಲದಲ್ಲಿ ಅಡಕೆ ಗೊನೆಗೆ ಬಿಡುವ ಬೋರ್ಡೋ ದ್ರಾವಣವೂ ಮದ್ದು, ಇಲಿಗೆ ಇಡುವುದೂ ಮದ್ದು. ಮಲಯಾಳಿಗಳ ‘ಮರುನ್ನ್’ ಕೂಡ ಹೀಗೆಯೇ. ಶಬ್ದ ಒಂದೇ ಆದುದರಿಂದ ವಸ್ತುವೂ ಒಂದೇ ಎಂದು ಮನಸ್ಸು ತಿಳಿದುಬಿಡುತ್ತದೆ.

ಏಲೂರಿನಲ್ಲಿ ವಾಸವಾಗಿರುವ ನಮಗಂತೂ ಈ ಭೇದ ಚೆನ್ನಾಗಿ ತಿಳಿದಿರಬೇಕು. ಪೆರಿಯಾರ್ ನದಿ ಕವಲೊಡೆದು ಸುತ್ತುವರಿದ ಈ ನಡುಗಡ್ಡೆಯಲ್ಲಿ 1947ರಲ್ಲಿ ಫ್ಯಾಕ್ಟ್ ಕಾರ್ಖಾನೆ ಗೊಬ್ಬರ ತಯಾರಿಸತೊಡಗಿತು. ಇಲ್ಲಿಯೇ ಹಿಂದುಸ್ಥಾನ್ ಇನ್‌ಸೆಕ್ಟಿಸೈಡ್ಸ್ ಕಾರ್ಖಾನೆಯಲ್ಲಿ ಡಿಡಿಟಿಯೂ ಎಂಡೋಸಲ್ಫಾನೂ ತಯಾರಾದವು. ಗೊಬ್ಬರ ಎಂದರೆ ಗಿಡದ ಊಟ. ಡಿಡಿಟಿ ಎಂದರೆ ಕೀಟಕ್ಕೆ ವಿಷ. ಅನಾನಸಿಗೆ ಹಾಕುವ ವಸ್ತು ಊಟವೂ ಅಲ್ಲ, ಕೀಟವನ್ನು ಕೊಲ್ಲುವ ವಿಷವೂ ಅಲ್ಲ. ಅದು ಮೂರನೆಯ ಜಾತಿ. ವಿಜ್ಞಾನಿಗಳು ಅದನ್ನು ‘ಬೆಳವಣಿಗೆಯ ನಿಯಂತ್ರಕ’ ಎಂದು ಕರೆಯುತ್ತಾರೆ.

ನಾನಾದರೋ ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತ. ಹೋಲಿಕೆ ಹುಡುಕಹೊರಟರೆ ನನಗೆ ಸಿಗುವುದು ಕಚೇರಿಯದೇ. ಮೇಲಿನಿಂದ ಒಂದು ಹುಕುಂ ಬರುತ್ತದೆ ಎಂದು ತಿಳಿಯಿರಿ. ಕಾಗದದ ತೂಕ ನಾಲ್ಕೈದು ಗ್ರಾಂ. ಆ ಕಾಗದ ಬಂದೊಡನೆ ಖಜಾನೆಯಿಂದ ಲಕ್ಷಗಟ್ಟಲೆ ಹಣ ಹೊರಡುತ್ತದೆ, ಲಾರಿಗಳು ಓಡುತ್ತವೆ, ಸೇತುವೆ ಏಳುತ್ತದೆ. ಹಾಗೆಂದು ಕಾಗದದೊಳಗೆ ಹಣವೂ ಇಲ್ಲ, ಸಿಮೆಂಟೂ ಇಲ್ಲ. ಇರುವುದು ‘ಇದನ್ನು ಮಾಡಿ’ ಎಂಬ ಮಾತು ಮಾತ್ರ. ಖಜಾನೆ ಬರಿದಾಗಿದ್ದರೆ ಆ ಹುಕುಂ ಬರಿಯ ಕಾಗದ. ತಪ್ಪಿದ ಹೊತ್ತಿನಲ್ಲಿ ಬಂದರೆ ತೊಂದರೆ. ಒಂದೇ ಹುಕುಂ ನೂರು ಪ್ರತಿ ಬಂದರಂತೂ ಕಚೇರಿಯೇ ಅಲ್ಲೋಲಕಲ್ಲೋಲ. ಗಿಡದ ಹಾರ್ಮೋನಿನ ಸ್ವಭಾವವೂ ಇಷ್ಟೇ. ಮುಂದಿನ ಮಾತುಗಳಿಗೆಲ್ಲ ಈ ಹೋಲಿಕೆಯನ್ನು ನೆನಪಿನಲ್ಲಿಡಿ.

ಗಿಡದೊಳಗೆ ಇಂಥ ಹುಕುಂಗಳು ಓಡಾಡುತ್ತವೆ ಎಂದು ಮನುಷ್ಯರಿಗೆ ತಿಳಿದದ್ದು ಹೇಗೆ? ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಸಸ್ಯಗಳ ಚಲನೆಯ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಹುಲ್ಲಿನ ಎಳೆಯ ಮೊಳಕೆ ಕಿಟಕಿಯ ಬೆಳಕಿನ ಕಡೆಗೆ ಬಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅವರು ಮೊಳಕೆಯ ತುದಿಗೆ ಪುಟ್ಟ ಟೋಪಿ ತೊಡಿಸಿ ಬೆಳಕು ತಾಗದಂತೆ ಮಾಡಿದರು. ಮೊಳಕೆ ಬಾಗಲಿಲ್ಲ. ಬಾಗುವ ಜಾಗ ತುದಿಯಿಂದ ಕೆಳಗೆ. ಬೆಳಕನ್ನು ಅರಿಯುವ ಜಾಗ ತುದಿಯಲ್ಲಿ. ಹಾಗಾದರೆ ತುದಿಯಿಂದ ಕೆಳಕ್ಕೆ ಏನೋ ಸಂದೇಶ ಹೋಗುತ್ತಿರಬೇಕು ಎಂದು ಅವರು ತರ್ಕಿಸಿದರು. ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ತರುಣ 1926ರಿಂದ 1928ರ ಸುಮಾರಿಗೆ ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ, ಕಡಲ ಪಾಚಿಯಿಂದ ಮಾಡುವ ಅಗರ್ ಎಂಬ ಲೋಳೆಯ ಬಿಲ್ಲೆಯ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತುದಿಗಳನ್ನು ತೆಗೆದು, ಆ ಬಿಲ್ಲೆಯ ತುಂಡನ್ನು ತಲೆಯಿಲ್ಲದ ಮೊಳಕೆಯ ಒಂದು ಬದಿಗೆ ಇರಿಸಿದರು. ಬೆಳಕೇ ಇಲ್ಲದ ಕತ್ತಲೆಯಲ್ಲಿ ಮೊಳಕೆ ಬಾಗಿತು. ತುದಿಯ ಹುಕುಂ ಬಿಲ್ಲೆಗೆ ಇಳಿದಿತ್ತು! ಆ ವಸ್ತುವಿಗೆ ‘ಆಕ್ಸಿನ್’ ಎಂದು ಹೆಸರಾಯಿತು.

ಇದರ ಸಾಕ್ಷಿ ನಮ್ಮ ಅಂಗಳದ ತುಳಸಿಯಲ್ಲಿಯೇ ಉಂಟು. ಕುಡಿಯನ್ನು ಹಾಗೇ ಬಿಟ್ಟರೆ ಗಿಡ ಕೋಲಿನಂತೆ ಮೇಲಕ್ಕೆ ಹೋಗುತ್ತದೆ. ಕುಡಿ ಚಿವುಟಿದರೆ ಬುಡದಿಂದ ನಾಲ್ಕಾರು ಕವಲೊಡೆದು ಪೊದೆಯಾಗುತ್ತದೆ. ತುದಿಯ ಮೊಗ್ಗಿನಿಂದ ಇಳಿಯುವ ಆಕ್ಸಿನ್, ಬದಿಯ ಮೊಗ್ಗುಗಳಿಗೆ ‘ನೀವು ಸುಮ್ಮನಿರಿ’ ಎಂದು ಹೇಳುತ್ತಿರುತ್ತದೆ. ಯಜಮಾನ ಎದ್ದು ಹೋದ ಮೇಲೆ ಕಿರಿಯರಿಗೆಲ್ಲ ಬಾಯಿ ಬಂತು. ನಮ್ಮ ಅಜ್ಜಿಯಂದಿರು ಹೆಸರು ತಿಳಿಯದೆಯೇ ಈ ಹಾರ್ಮೋನನ್ನು ದಿನವೂ ನಿಯಂತ್ರಿಸುತ್ತಿದ್ದರು.

ಎರಡನೆಯ ಹುಕುಂ ಜಪಾನಿನ ಗದ್ದೆಯಿಂದ ಬಂತು. ಅಲ್ಲಿ ಭತ್ತದ ಕೆಲವು ಸಸಿಗಳು ಉಳಿದವುಗಳಿಗಿಂತ ಸರ್ರನೆ ಎತ್ತರ ಬೆಳೆದು, ಬಿಳಿಚಿಕೊಂಡು, ಕಾಳು ಕಟ್ಟದೆ ಬಿದ್ದುಹೋಗುತ್ತಿದ್ದವು. ರೈತರು ಅದಕ್ಕೆ ‘ಪೆದ್ದು ಸಸಿ’ ಎಂಬ ಅರ್ಥದ ಹೆಸರಿಟ್ಟಿದ್ದರು. ಫಾರ್ಮೋಸಾದಲ್ಲಿ ಕೆಲಸಕ್ಕಿದ್ದ ಕುರೊಸಾವಾ ಎಂಬವರು 1926ರಲ್ಲಿ, ಇದಕ್ಕೆ ಕಾರಣ ಒಂದು ಬೂಷ್ಟು ಸ್ರವಿಸುವ ವಸ್ತು ಎಂದು ತೋರಿಸಿಕೊಟ್ಟರು. ಯಬುಟಾ ಎಂಬ ವಿಜ್ಞಾನಿ 1935ರಲ್ಲಿ ಅದಕ್ಕೆ ‘ಜಿಬ್ಬರೆಲಿನ್’ ಎಂದು ಹೆಸರಿಟ್ಟರು. ಇಂಥದೇ ವಸ್ತುವನ್ನು ಗಿಡಗಳು ತಾವೂ ತಯಾರಿಸುತ್ತವೆ ಎಂಬುದು ಮುಂದೆ ಗೊತ್ತಾಯಿತು. ವಿಜಯಪುರದ ಬೀಜವಿಲ್ಲದ ದ್ರಾಕ್ಷಿಯನ್ನು ನೋಡಿ. ಹಣ್ಣು ಹಿಗ್ಗಬೇಕೆಂಬ ಹುಕುಂ ಸಾಮಾನ್ಯವಾಗಿ ಬೀಜದಿಂದ ಹೊರಡುತ್ತದೆ. ಬೀಜವೇ ಇಲ್ಲದ ದ್ರಾಕ್ಷಿಗೆ ಹೇಳುವವರು ಯಾರು? ಅದಕ್ಕಾಗಿ ಬೆಳೆಗಾರರು ಜಿಬ್ಬರೆಲಿನ್ ನೀರಿನಲ್ಲಿ ಗೊಂಚಲನ್ನು ಅದ್ದುತ್ತಾರೆ, ಇಲ್ಲವೇ ಸಿಂಪಡಿಸುತ್ತಾರೆ. ಕಾಳು ಉದ್ದವಾಗಿ ದಪ್ಪವಾಗುತ್ತದೆ.

ಮೂರನೆಯದು ಸೈಟೊಕೈನಿನ್. ಇದರ ಕತೆಯಲ್ಲಿ ಕೇರಳದವರು ಹಿಗ್ಗಬೇಕಾದ ಸಂಗತಿ ಒಂದುಂಟು. ಗಿಡದ ಅತಿ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ವಿಜ್ಞಾನಿಗಳು ಹೆಣಗಾಡುತ್ತಿದ್ದಾಗ, 1941ರಲ್ಲಿ ಅವರ ಕೈಹಿಡಿದದ್ದು ತೆಂಗಿನಕಾಯಿಯ ನೀರು. ಎಳೆಯ ತೆಂಗಿನ ಸಸಿಯನ್ನು ಸಾಕಲು ಪ್ರಕೃತಿ ಕೂಡಿಟ್ಟ ನೀರಲ್ಲವೆ ಅದು! ಕೋಶಗಳು ಒಡೆದು ಎರಡಾಗಲಿ, ಎರಡು ನಾಲ್ಕಾಗಲಿ ಎಂಬ ಹುಕುಂ ಆ ನೀರಿನಲ್ಲಿದೆ. 1955ರಲ್ಲಿ ಅಮೆರಿಕದ ಸ್ಕೂಗ್, ಮಿಲ್ಲರ್ ಮತ್ತು ಸಂಗಡಿಗರು ಇದೇ ಗುಣದ ಮೊದಲ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಂದು ನಮ್ಮ ಊರಿನ ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಬಾಳೆ ಸಸಿಗಳೆಲ್ಲ ಆಕ್ಸಿನ್ ಎಷ್ಟು, ಸೈಟೊಕೈನಿನ್ ಎಷ್ಟು ಎಂಬ ಲೆಕ್ಕದ ಮೇಲೆ ಹುಟ್ಟಿದವು. ಆಕ್ಸಿನಿನ ಪಾಲು ಹೆಚ್ಚಾದರೆ ಬೇರು. ಸೈಟೊಕೈನಿನ್ ಪಾಲು ಹೆಚ್ಚಾದರೆ ಚಿಗುರು.

ನಾಲ್ಕನೆಯದು ಅಬ್ಸಿಸಿಕ್ ಆಮ್ಲ. ಇದು ತಡೆಯಾಜ್ಞೆ. ಬೇಸಗೆಯಲ್ಲಿ ನೀರು ಸಾಲದಾದಾಗ ‘ಎಲೆಯ ರಂಧ್ರಗಳನ್ನು ಮುಚ್ಚಿ, ಖರ್ಚು ನಿಲ್ಲಿಸಿ’ ಎನ್ನುತ್ತದೆ. ಮಾರ್ಚ್ ತಿಂಗಳಲ್ಲಿ ಬರುವ ಸುತ್ತೋಲೆಯಂತೆ!

ಐದನೆಯದು ಎಲ್ಲಕ್ಕಿಂತ ವಿಚಿತ್ರ. ಅದೊಂದು ಗಾಳಿ: ಎಥಿಲೀನ್. ರಷ್ಯದ ನೆಲ್ಯೂಬೊವ್ ಎಂಬ ವಿದ್ಯಾರ್ಥಿ, ಗ್ಯಾಸ್ ದೀಪದ ಕೋಣೆಯಲ್ಲಿ ಬೆಳೆದ ಬಟಾಣಿ ಸಸಿಗಳು ಸೊಟ್ಟಗಾಗುವುದಕ್ಕೆ ದೀಪದ ಅನಿಲದಲ್ಲಿರುವ ಎಥಿಲೀನ್ ಕಾರಣ ಎಂದು 1901ರಲ್ಲಿ ಪ್ರಕಟಿಸಿದರು. ಹಣ್ಣುಗಳು ತಾವೇ ಈ ಅನಿಲವನ್ನು ಬಿಡುತ್ತವೆ ಎಂದು ಇಂಗ್ಲೆಂಡಿನ ಗೇನ್ 1934ರಲ್ಲಿ ಸಾಧಿಸಿದರು. ಮಾವಿನಕಾಯಿಯನ್ನು ಬೈಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು, ಬಾಳೆಗೊನೆಗೆ ಹೊಗೆ ಕೊಡುವುದು, ಇವೆಲ್ಲ ಎಥಿಲೀನಿನದೇ ಆಟ. ಹುಲ್ಲು ಅದನ್ನು ಹಾರಿಹೋಗದಂತೆ ಹಿಡಿದಿಡುತ್ತದೆ. ಹೊಗೆ ಅದನ್ನು ಹೊರಗಿನಿಂದ ತಂದುಕೊಡುತ್ತದೆ.

ಈಗ ಅನಾನಸಿಗೆ ಬರೋಣ. ನಮ್ಮ ಎರ್ನಾಕುಳಂ ಜಿಲ್ಲೆಯಲ್ಲಿಯೇ ಮೂವಾಟ್ಟುಪುಳದ ಆಚೆ ವಾಳಕ್ಕುಳಂ ಎಂಬ ಊರಿದೆ. ಹೆಸರಿನ ಅರ್ಥ ‘ಬಾಳೆಯ ಕೊಳ’, ಹೆಸರುವಾಸಿಯಾದದ್ದು ಅನಾನಸಿಗೆ. ಅಲ್ಲಿಯ ಅನಾನಸಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕೇರಳ ಕೃಷಿ ವಿಶ್ವವಿದ್ಯಾನಿಲಯದ ಅನಾನಸು ಸಂಶೋಧನಾ ಕೇಂದ್ರವೂ ಅಲ್ಲಿದೆ. ಬೆಳೆಯುವ ತಳಿ ಮುಖ್ಯವಾಗಿ ‘ಮಾರಿಷಸ್’.

ಅನಾನಸಿನ ಗಿಡ ಬಹಳ ಸೋಮಾರಿ. ತನ್ನಷ್ಟಕ್ಕೆ ಬಿಟ್ಟರೆ ಒಂದು ಗಿಡ ಇಂದು ಹೂ ಬಿಟ್ಟರೆ ಪಕ್ಕದ್ದು ಮೂರು ತಿಂಗಳ ನಂತರ. ಸಾವಿರಾರು ಗಿಡಗಳ ತೋಟದಲ್ಲಿ ದಿನಕ್ಕೆ ಹತ್ತು ಹಣ್ಣು ಕೊಯ್ಯಲು ಆಳು ಇಡುವುದು ಹೇಗೆ? ಲಾರಿ ತುಂಬುವುದು ಯಾವಾಗ? ಇದಕ್ಕೊಂದು ಉಪಾಯ ಮೊದಲು ಕಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಟ್ಲಾಂಟಿಕ್ ಸಮುದ್ರದ ಅಜೋರಿಸ್ ದ್ವೀಪಗಳಲ್ಲಿ. ಅನಾನಸಿನ ಗಾಜಿನ ಮನೆಗಳೊಳಗೆ ಹೊಗೆ ತುಂಬಿದರೆ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುತ್ತವೆ ಎಂಬುದು ಬೆಳೆಗಾರರ ಗಮನಕ್ಕೆ ಬಂತು. ಹೊಗೆಯಲ್ಲಿರುವ ಎಥಿಲೀನೇ ಅದಕ್ಕೆ ಕಾರಣ ಎಂಬುದು ತಿಳಿದದ್ದು ಆಮೇಲೆ.

ಬಯಲಿನ ತೋಟಕ್ಕೆ ಹೊಗೆ ತುಂಬಲಾಗದು. ಅಲ್ಲಿ ಉಪಯೋಗಿಸುವುದು ‘ಎಥೆಫಾನ್’ ಎಂಬ ದ್ರವ. ಇದು ಗಿಡದ ಒಳಗೆ ಹೋಗಿ ಒಡೆದು ಎಥಿಲೀನನ್ನು ಬಿಡುತ್ತದೆ. ವಿಶ್ವವಿದ್ಯಾನಿಲಯದವರ ಶಿಫಾರಸು ಕೇಳಿ: ಸಾವಿರ ಗಿಡಗಳಿಗೆ 50 ಲೀಟರು ನೀರು. ಅದರಲ್ಲಿ 1 ಕಿಲೋ ಯೂರಿಯಾ, 20 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, ಮತ್ತು ಹತ್ತು ಲಕ್ಷ ಪಾಲಿಗೆ 25 ಪಾಲು ಬರುವಷ್ಟು ಎಥೆಫಾನ್. ಪ್ರತಿ ಗಿಡದ ಸುಳಿಗೆ ಈ ನೀರು 50 ಮಿಲಿಲೀಟರು.

ಗುಮಾಸ್ತನ ಬುದ್ಧಿ ಸುಮ್ಮನಿರುವುದಿಲ್ಲ; ಲೆಕ್ಕ ಹಾಕಿ ನೋಡಿದೆ. 50 ಲೀಟರಿನಲ್ಲಿ ಎಥೆಫಾನ್ ಒಂದೂಕಾಲು ಗ್ರಾಂ. ಅದು ಸಾವಿರ ಗಿಡಕ್ಕೆ ಹಂಚಿದರೆ ಗಿಡಕ್ಕೆ ಒಂದೂಕಾಲು ಮಿಲಿಗ್ರಾಂ. ಒಂದು ಗ್ರಾಮಿನ ಸಾವಿರದ ಒಂದು ಪಾಲು ಮಿಲಿಗ್ರಾಂ ಎಂಬುದನ್ನು ಮರೆಯಬೇಡಿ. ಇಷ್ಟರಿಂದ ಸುಮಾರು ನಲವತ್ತು ದಿನಗಳಲ್ಲಿ ಸುಳಿಯೊಳಗೆ ಹೂಗೊಂಚಲು ಕೆಂಪಗೆ ಕಾಣಿಸುತ್ತದೆ. ನೂರಕ್ಕೂ ಮಿಕ್ಕಿದ ಸಣ್ಣ ಹೂಗಳು ಒಂದಕ್ಕೊಂದು ಕೂಡಿಕೊಂಡು, ಮುಂದೆ ನಾಲ್ಕೂವರೆ ತಿಂಗಳ ಸುಮಾರಿಗೆ ಹಣ್ಣು ಸಿದ್ಧವಾಗುತ್ತದೆ. ಒಂದೂಕಾಲು ಮಿಲಿಗ್ರಾಂ ವಸ್ತು ಕಿಲೋಗಟ್ಟಲೆ ಹಣ್ಣಾಗಿ ಬದಲಾಯಿತು ಎಂದು ತಿಳಿಯಬಾರದು. ಹಣ್ಣನ್ನು ಮಾಡಿದ್ದು ಎಲೆ, ಬಿಸಿಲು, ನೀರು, ಗೊಬ್ಬರ. ಎಥೆಫಾನ್ ಹೇಳಿದ್ದು ‘ಈಗ ಆರಂಭಿಸು’ ಎಂಬುದನ್ನು ಮಾತ್ರ.

ಆದುದರಿಂದಲೇ ಅನುಭವಿ ಬೆಳೆಗಾರ ಮೊದಲು ಎಲೆ ಎಣಿಸುತ್ತಾನೆ. ಗಿಡದಲ್ಲಿ 39ರಿಂದ 42 ಎಲೆಗಳಾಗಿರಬೇಕು. ಮಾರಿಷಸ್ ತಳಿಗೆ ನೆಟ್ಟು ಏಳೆಂಟು ತಿಂಗಳಾಗಿರಬೇಕು. ಆತುರಪಟ್ಟು ಎಳೆಯ ಗಿಡಕ್ಕೆ ಸುರಿದರೆ ಹೂ ಬಂದೀತು, ಹಣ್ಣು ಮಾತ್ರ ಮುಷ್ಟಿಯಷ್ಟೇ ಆದೀತು. ಖಜಾನೆಯಲ್ಲಿ ಇದ್ದಷ್ಟೇ ಹಣ ಹೊರಡುವುದು ತಾನೆ!

ಇನ್ನೊಂದು ಕಟುಸತ್ಯವೂ ಇದೆ. ಈ ಹುಕುಮನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಲಾಕ್‌ಡೌನ್ ಆದಾಗ ವಾಳಕ್ಕುಳಂ ಸುತ್ತಲಿನ ತೋಟಗಳಲ್ಲಿ ಹಣ್ಣು ಕೊಯ್ಲಿಗೆ ಬಂದು ನಿಂತಿತ್ತು. ಆರು ತಿಂಗಳ ಹಿಂದೆ, ಬೇಸಗೆಯ ಮತ್ತು ರಂಜಾನ್ ತಿಂಗಳ ಪೇಟೆಯನ್ನು ಲೆಕ್ಕಹಾಕಿ ಸುಳಿಗೆ ಎರೆದದ್ದರ ಫಲ. ಲಾರಿ ಇಲ್ಲ, ಆಳಿಲ್ಲ, ಕೊಳ್ಳುವವರಿಲ್ಲ. ಕಾಲವನ್ನು ಕೈಯಲ್ಲಿ ಹಿಡಿದೆನೆಂದುಕೊಂಡ ರೈತನ ಕಣ್ಣೆದುರಿಗೇ ಬಹಳಷ್ಟು ಹಣ್ಣು ಹೊಲದಲ್ಲಿ ಕೊಳೆಯಿತು. ಗಿಡಗಳು ಹಿಂದುಮುಂದಾಗಿ ಹೂ ಬಿಡುವುದರಲ್ಲಿಯೂ ಪ್ರಕೃತಿಯ ಒಂದು ಜಾಗ್ರತೆ ಇದ್ದೀತು ಎಂದು ಅಂದು ಅನೇಕರಿಗೆ ಅನಿಸಿರಬೇಕು.

ಖಜಾನೆಯ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುವ ಮರ ರಬ್ಬರು. ಸುಳ್ಯ, ಪುತ್ತೂರು, ಕಾಸರಗೋಡಿನ ಕಡೆಯ ನಮ್ಮವರಲ್ಲಿ ಅನೇಕರಿಗೆ ರಬ್ಬರು ತೋಟ ಉಂಟು. ಪಟ್ಟೆ ಕೆತ್ತಿದ ಜಾಗದಿಂದ ಹಾಲು ಸ್ವಲ್ಪ ಹೊತ್ತು ಹರಿದು ತಾನೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಪಟ್ಟೆಗೆ ಎಥೆಫಾನ್ ಸವರಿದರೆ ಹೆಪ್ಪು ತಡವಾಗಿ, ಹಾಲು ಹೆಚ್ಚು ಹೊತ್ತು ಹರಿಯುತ್ತದೆ. ಕೋಟ್ಟಯಂನಲ್ಲಿ 1955ರಲ್ಲಿ ಸ್ಥಾಪನೆಯಾದ ರಬ್ಬರು ಸಂಶೋಧನಾ ಸಂಸ್ಥೆ ಇದನ್ನು ಒಪ್ಪುತ್ತದೆ, ಆದರೆ ಒಂದು ಕರಾರಿನ ಮೇಲೆ: ಸವರಿದ ಮರಕ್ಕೆ ವಿಶ್ರಾಂತಿ ಕೊಡಬೇಕು, ಟ್ಯಾಪಿಂಗಿನ ದಿನಗಳನ್ನು ಕಡಿಮೆ ಮಾಡಬೇಕು. ಹೀಗೆ ಮಾಡಿದರೆ ಆಳಿನ ಖರ್ಚೂ ಉಳಿಯುತ್ತದೆ, ಪಟ್ಟೆಯೂ ಉಳಿಯುತ್ತದೆ. ಬೆಲೆ ಏರಿದ ವರ್ಷ ಆಸೆಗೆ ಬಿದ್ದು, ಮದ್ದನ್ನೂ ಸವರಿ ಟ್ಯಾಪಿಂಗನ್ನೂ ಬಿಡದೆ ಮಾಡಿದರೆ ಮರದ ಪಟ್ಟೆ ಒಣಗಿ ಹಾಲೇ ನಿಂತುಹೋದೀತು. ಹುಕುಂ ಸುಳ್ಳಾಗಲಿಲ್ಲ, ಖಜಾನೆ ಬರಿದಾಯಿತು.

ಮಾವಿಗೆ ಹಾಕುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬುದೂ ಇದೇ ಪಂಕ್ತಿಯದು. ಕೊಂಕಣದ ಆಪೂಸು ಮಾವು ವರ್ಷ ಬಿಟ್ಟು ವರ್ಷ ಫಲ ಕೊಡುವ ಚಾಳಿಯನ್ನು ತಪ್ಪಿಸಲು ಅದನ್ನು ಬುಡದ ಮಣ್ಣಿಗೆ ಕೊಡುತ್ತಾರೆ. ಅದು ಜಿಬ್ಬರೆಲಿನ್ ತಯಾರಾಗದಂತೆ ತಡೆಯುತ್ತದೆ. ಚಿಗುರು ಕಡಿಮೆಯಾಗಿ ಮರ ಹೂವಿನ ಕಡೆ ತಿರುಗುತ್ತದೆ. ಇದು ಮಣ್ಣಿನಲ್ಲಿ ಬಹುಕಾಲ ಉಳಿಯುವ ವಸ್ತು. ವರ್ಷವರ್ಷವೂ ಅಳತೆಯಿಲ್ಲದೆ ಸುರಿದರೆ ಮರ ಮುರುಟಿಹೋಗುತ್ತದೆ. ಮೂರು ವರ್ಷಕ್ಕೆ ತೋಟ ಗುತ್ತಿಗೆ ಹಿಡಿದವನಿಗೆ ಇದರ ಚಿಂತೆ ಕಡಿಮೆ, ಮರ ಅವನದಲ್ಲವಲ್ಲ!

ಅಳತೆ ಮೀರಿದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಲೋಕದ ಒಂದು ದೊಡ್ಡ ಉದಾಹರಣೆಯಿದೆ. ಆಕ್ಸಿನಿನ ಗುಣವನ್ನೇ ಅನುಕರಿಸಿ ಮಾಡಿದ 2,4-ಡಿ ಎಂಬ ವಸ್ತು ಎರಡನೆಯ ಮಹಾಯುದ್ಧದ ಕಾಲದ ಸಂಶೋಧನೆಯಿಂದ ಬಂತು. ಎಳ್ಳಷ್ಟಾದರೆ ಗಿಡವನ್ನು ಬೆಳೆಸುವ ಹುಕುಮನ್ನು ನೂರ್ಮಡಿಯಾಗಿ ಕೂಗಿದರೆ ಅಗಲ ಎಲೆಯ ಕಳೆಗಳು ಅಡ್ಡಾದಿಡ್ಡಿ ಬೆಳೆದು ಸಾಯುತ್ತವೆ; ಭತ್ತ, ಗೋಧಿ ಮೊದಲಾದ ಹುಲ್ಲಿನ ಜಾತಿಯವು ತಾಳಿಕೊಳ್ಳುತ್ತವೆ. ಇಂದಿಗೂ ಭತ್ತದ ಗದ್ದೆಯಲ್ಲಿ ಅದು ಕಳೆನಾಶಕ. ಅದರ ಅಣ್ಣತಮ್ಮ 2,4,5-ಟಿ. ಇವೆರಡನ್ನೂ ಬೆರೆಸಿದ ‘ಏಜೆಂಟ್ ಆರೆಂಜ್’ ಎಂಬುದನ್ನು ಅಮೆರಿಕದ ಸೇನೆ ವಿಯೆಟ್ನಾಮಿನ ಕಾಡುಗಳ ಮೇಲೆ ವಿಮಾನದಿಂದ ಸುರಿಯಿತು. 2,4,5-ಟಿ ತಯಾರಾಗುವಾಗ ಹುಟ್ಟಿ ಅದರಲ್ಲಿ ಉಳಿದ ಡಯಾಕ್ಸಿನ್ ಎಂಬ ವಿಷ ಮನುಷ್ಯರನ್ನು ಬಾಧಿಸಿತು. ಆ ಸಿಂಪಡಣೆ 1971ರಲ್ಲಿ ನಿಂತರೂ ಅದರ ದುಃಖ ನಿಲ್ಲಲಿಲ್ಲ.

ವಿಮಾನದ ಮಾತು ಬಂದಾಗ ಕಾಸರಗೋಡಿನ ಮೂಲದ ನಮ್ಮ ಮನೆಗಳಲ್ಲಿ ಮೌನ ಕವಿಯುತ್ತದೆ. ಅಲ್ಲಿ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟದ ನಡುವೆ ಮನೆಗಳಿದ್ದವು, ಬಾವಿಗಳಿದ್ದವು, ಎಣ್ಮಕಜೆಯಂಥ ಕನ್ನಡ ಊರುಗಳಿದ್ದವು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ದನಿಯೆತ್ತಿದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಲ್ಲೆಲ್ಲ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಎಂಡೋಸಲ್ಫಾನ್ ಕೀಟನಾಶಕ, ಬೆಳವಣಿಗೆಯ ನಿಯಂತ್ರಕವಲ್ಲ. ಅದನ್ನು ಇಲ್ಲಿ ಹೇಳಲು ಕಾರಣವಿದೆ. ‘ಹಣ್ಣಿಗೆ ಏನೋ ಹಾಕುತ್ತಾರಂತೆ’ ಎಂದೊಡನೆ ನಮ್ಮ ಅಕ್ಕಂದಿರ ಎದೆ ಧಸಕ್ಕೆನ್ನುವುದು ಸುಮ್ಮನೆ ಅಲ್ಲ. ಆ ಭಯಕ್ಕೆ ಮರ್ಯಾದೆ ಕೊಡಬೇಕು. ಆದರೆ ಆ ಭಯವನ್ನು ವಿವೇಕದೊಡನೆ ಬಳಸಬೇಕು. ಕೇಳಬೇಕಾದ ಪ್ರಶ್ನೆಗಳು ಇವು: ಯಾವ ವಸ್ತು? ಎಷ್ಟು? ಯಾವಾಗ? ಎಲ್ಲಿಗೆ ಬೀಳುತ್ತದೆ? ಹಾಕುವವನ ಕೈಗೂ ನೆರೆಯವರ ಬಾವಿಗೂ ಏನಾಗುತ್ತದೆ? ಒಂದು ಗಿಡದ ಸುಳಿಗೆ ಅಳೆದು ಎರೆಯುವುದಕ್ಕೂ ಆಕಾಶದಿಂದ ಊರ ಮೇಲೆ ಸುರಿಯುವುದಕ್ಕೂ ಇರುವ ಅಂತರ ಈ ಪ್ರಶ್ನೆಗಳಿಂದಲೇ ತಿಳಿಯುತ್ತದೆ.

ಹೀಗಿರಲು, ಮೊದಲ ಪ್ರಶ್ನೆಗೆ ಉತ್ತರ ಕೊಡಬಹುದು. ಹೂ ಬರಿಸಲು ಎಥೆಫಾನ್ ಎರೆದ ಕಾರಣಕ್ಕಾಗಿ ಅನಾನಸನ್ನು ಬಿಡಬೇಕಾಗಿಲ್ಲ. ಎರೆದದ್ದಕ್ಕೂ ಕೊಯ್ಲಿಗೂ ನಡುವೆ ಐದಾರು ತಿಂಗಳ ಅಂತರವಿದೆ, ಪ್ರಮಾಣ ಅತ್ಯಲ್ಪ, ಎರೆಯುವಾಗ ಹಣ್ಣು ಹುಟ್ಟಿಯೇ ಇರುವುದಿಲ್ಲ. ಹಾರ್ಮೋನು ಎಂಬ ಹೆಸರಿಗೂ ಬೆದರಬೇಕಾಗಿಲ್ಲ. ಆಕ್ಸಿನ್, ಜಿಬ್ಬರೆಲಿನ್‌ಗಳು ನಾವು ತಿನ್ನುವ ಪ್ರತಿಯೊಂದು ಸೊಪ್ಪಿನಲ್ಲಿಯೂ ಹುಟ್ಟಿನಿಂದಲೇ ಇವೆ. ಅವು ಮಕ್ಕಳ ಮೈಯಲ್ಲಿ ಮನುಷ್ಯರ ಹಾರ್ಮೋನಿನ ಕೆಲಸ ಮಾಡುವುದಿಲ್ಲ. ಒಂದು ಇಲಾಖೆಯ ಹುಕುಂ ಇನ್ನೊಂದು ಇಲಾಖೆಯಲ್ಲಿ ನಡೆಯುವುದುಂಟೆ?

ಎಚ್ಚರ ಬೇಕಾದದ್ದು ಬೇರೆ ಕಡೆ. ಕೊಯ್ಲಿಗೆ ಸ್ವಲ್ಪ ಮುಂಚೆ, ಬಣ್ಣ ಬರಲೆಂದು ಹಣ್ಣಿನ ಮೇಲೆಯೇ ಎಥೆಫಾನ್ ಸಿಂಪಡಿಸುವವರೂ ಇದ್ದಾರೆ. ಅನಾನಸು ಕೊಯ್ದ ಮೇಲೆ ಸಿಹಿಯಾಗುವ ಹಣ್ಣಲ್ಲ. ಸಿಪ್ಪೆ ಹಳದಿಯಾದೀತು, ಒಳಗಿನ ಸಕ್ಕರೆ ಹೆಚ್ಚಾಗದು. ಆದುದರಿಂದ ಬಣ್ಣ ನೋಡಿ ಮರುಳಾಗದೆ ಬುಡದ ಪರಿಮಳ ನೋಡಿ ಕೊಳ್ಳಿರಿ. ಮನೆಗೆ ತಂದು ಮೊದಲು ತೊಳೆದು, ಆಮೇಲೆ ಸಿಪ್ಪೆಯನ್ನು ದಪ್ಪಗೆ ಹೆರೆಯಿರಿ.

ಮಾವು, ಬಾಳೆಗಳ ಮಾತು ಬೇರೆ. ಅವನ್ನು ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಕಾರ್ಬೈಡಿನಿಂದ ಹೊರಡುವ ಅಸಿಟಿಲೀನ್ ಅನಿಲ ಎಥಿಲೀನಿನ ನಕಲಿ ರುಜು ಹಾಕುತ್ತದೆ; ಜತೆಗೆ ಆರ್ಸೆನಿಕ್, ರಂಜಕಗಳ ಕಶ್ಮಲವೂ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲಿನವರೆಗೆ ಎಥಿಲೀನ್ ಅನಿಲ ಬಿಡುವುದಕ್ಕೆ ಅನುಮತಿಯಿದೆ. ಹಣ್ಣನ್ನು ಎಥೆಫಾನ್ ನೀರಿನಲ್ಲಿ ಅದ್ದುವುದಕ್ಕೆ ಅನುಮತಿಯಿಲ್ಲ.

ಮನೆಯ ಹಿತ್ತಲಿಗೆ ಅಥವಾ ಊರಿನ ತೋಟಕ್ಕೆ ತರುವವರಿಗೆ ಒಂದು ಮಾತು. ಬೆಳವಣಿಗೆಯ ನಿಯಂತ್ರಕಗಳೂ 1968ರ ಕೀಟನಾಶಕ ಕಾನೂನಿನ ನೋಂದಣಿಗೆ ಒಳಪಟ್ಟಿವೆ. ಬಾಟಲಿಯ ಮೇಲೆ ನೋಂದಣಿ ಸಂಖ್ಯೆ, ಯಾವ ಬೆಳೆಗೆ, ಎಷ್ಟು ಎಂಬ ವಿವರ ಇದೆಯೇ ನೋಡಿರಿ. ‘ಟಾನಿಕ್’ ಎಂಬ ಹೆಸರಿನ, ಒಳಗೇನಿದ್ದೀತೆಂದು ಬರೆಯದ ಬಾಟಲಿಗಳನ್ನು ಮುಟ್ಟಬೇಡಿ. ಎಥೆಫಾನಿನ ಮೂಲ ದ್ರವ ತೀಕ್ಷ್ಣವಾದ ಆಮ್ಲ. ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಕೊಡದೆ ಆಳಿನ ಕೈಗೆ ಅದನ್ನು ಕೊಡುವುದು ಅನ್ಯಾಯ. ಹಣ್ಣು ತಿನ್ನುವ ಮಗುವಿನ ಚಿಂತೆ ಮಾಡುವ ನಾವು, ಸುಳಿಗೆ ಎರೆದವನ ಮಗುವಿನ ತಂದೆಯನ್ನೂ ನೆನೆಯಬೇಕಲ್ಲವೆ? ಸಂದೇಹವಿದ್ದಲ್ಲಿ ಹತ್ತಿರದ ಕೃಷಿಭವನದಲ್ಲಿ ಕೇಳಿರಿ. ಕೇಳಲು ಕಾಸು ಖರ್ಚಿಲ್ಲ.

ಕೊನೆಗೆ ಮಕ್ಕಳಿಗಾಗಿ ಒಂದು ಪ್ರಯೋಗ. ಹಣ್ಣು ತಿಂದ ಮೇಲೆ ಅನಾನಸಿನ ಜುಟ್ಟನ್ನು ಎಸೆಯಬೇಡಿ. ಕೆಳಗಿನ ನಾಲ್ಕಾರು ಎಲೆ ಕಿತ್ತು, ಎರಡು ದಿನ ನೆರಳಿನಲ್ಲಿ ಆರಲು ಬಿಟ್ಟು, ದೊಡ್ಡ ಕುಂಡದಲ್ಲಿ ನೆಟ್ಟು ಬಿಸಿಲಿರುವ ಬಾಲ್ಕನಿಯಲ್ಲಿಡಿ. ನೀರು ಹದವಾಗಿರಲಿ. ಜುಟ್ಟಿನಿಂದ ಬೆಳೆದ ಗಿಡ ಬಲಿಯಲು ಒಂದೂವರೆ ಎರಡು ವರ್ಷ ಬೇಕು. ಆ ತನಕ ವಾರಕ್ಕೊಮ್ಮೆ ಎಲೆ ಎಣಿಸಿ ಪುಸ್ತಕದಲ್ಲಿ ಬರೆದಿಡಲಿ. ನಲವತ್ತು ದಾಟಿದ ಮೇಲೆ ಚೆನ್ನಾಗಿ ಹಣ್ಣಾದ ಎರಡು ಸೇಬುಗಳನ್ನು ಗಿಡದ ಬುಡದಲ್ಲಿಟ್ಟು, ಇಡೀ ಗಿಡಕ್ಕೆ ದೊಡ್ಡದೊಂದು ಪ್ಲಾಸ್ಟಿಕ್ ಚೀಲ ಮುಸುಕುಹಾಕಿ, ನೆರಳಿನಲ್ಲಿ ಒಂದು ವಾರ ಬಿಡಿ. ಸೇಬು ಬಿಡುವ ಎಥಿಲೀನೇ ಹುಕುಂ. ಬಾಟಲಿಯೂ ಬೇಡ, ಕೈಗವಸೂ ಬೇಡ. ಎರಡು ತಿಂಗಳೊಳಗೆ ಸುಳಿ ಕೆಂಪಾದರೆ ಈ ಪುಟಕ್ಕೆ ಒಂದು ಸಾಲು ಬರೆಯಿರಿ. ಎಷ್ಟು ಎಲೆ ಇತ್ತು, ಎಷ್ಟು ದಿನಕ್ಕೆ ಹೂ ಕಂಡಿತು ಎಂಬ ಲೆಕ್ಕ ಇರಲಿ. ಬಂದ ಲೆಕ್ಕಗಳನ್ನೆಲ್ಲ ಮಕ್ಕಳ ಹೆಸರಿನೊಡನೆ ಇಲ್ಲಿಯೇ ಅಚ್ಚುಮಾಡೋಣ.